ಹೊಡೆಯುವ ಮಗು: ತಪ್ಪು ಯಾರದು ಎಂಬ ನೂರು ವರ್ಷದ ಜಗಳ

ಶಾಲೆಯಿಂದ ಫೋನ್ ಬರುತ್ತದೆ. 'ನಿಮ್ಮ ಮಗ ಪಕ್ಕದ ಮಗುವನ್ನು ಕಚ್ಚಿದ್ದಾನೆ, ಒಂದ್ಸಲ ಬಂದು ಹೋಗಿ.' ಸಂಜೆ ಮನೆಯಲ್ಲಿ ವಿಚಾರಣೆ ಶುರು. 'ಅವರಪ್ಪನ ಥರಾನೇ ಮುಂಗೋಪ' ಎನ್ನುತ್ತಾರೆ ಒಬ್ಬರು. 'ಅಮ್ಮನ ಸಲುಗೆ ಜಾಸ್ತಿ ಆಯ್ತು' ಎನ್ನುತ್ತಾರೆ ಇನ್ನೊಬ್ಬರು. 'ನಾಲ್ಕು ಬಿಟ್ಟರೆ ಸರಿಹೋಗ್ತಾನೆ' ಎಂಬ ಸಲಹೆಯೂ ಬರುತ್ತದೆ. ಇದೇ ಜಗಳ ವಿಜ್ಞಾನಿಗಳ ನಡುವೆಯೂ ಸುಮಾರು ನೂರು ವರ್ಷದಿಂದ ನಡೆದಿದೆ. ಒಂದೊಂದು ಕಾಲಕ್ಕೆ ಒಂದೊಂದು ಉತ್ತರ ಗೆದ್ದಿದೆ. ಆದರೆ ಸೋತ ಉತ್ತರಗಳು ಅಳಿದುಹೋಗಲಿಲ್ಲ. ಅವೆಲ್ಲ ಇವತ್ತಿಗೂ ಸಲಹೆಯ ರೂಪದಲ್ಲಿ ಓಡಾಡುತ್ತಿವೆ. ಯಾವುದನ್ನು ನಂಬಬೇಕೋ ತಿಳಿಯದೆ ತಂದೆತಾಯಿ ಕಂಗಾಲಾಗುತ್ತಾರೆ.

ಆರೋಗ್ಯವಾಗಿರುವ ಕೂಸುಗಳನ್ನು ಕೈಗೆ ಕೊಟ್ಟರೆ, ಬೆಳೆಸುವ ರೀತಿಯಿಂದಲೇ ಯಾರನ್ನು ಬೇಕಾದರೂ ವೈದ್ಯನನ್ನಾಗಿಯೋ ಕಳ್ಳನನ್ನಾಗಿಯೋ ಮಾಡಬಲ್ಲೆ ಎಂದು 1920ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ವಾಟ್ಸನ್ ಹೇಳಿದ್ದರು. ಮಕ್ಕಳನ್ನು ಅಪ್ಪಿ ಮುದ್ದಾಡಬೇಡಿ ಎಂದೂ ಬರೆದರು. ಬೇಕಾದ್ದು ಸಿಗದೆ ಹತಾಶೆಯಾದಾಗ ಹೊಡೆತ ಬಡಿತ ಹುಟ್ಟುತ್ತದೆ ಎಂದು 1939ರಲ್ಲಿ ಯೇಲ್ ವಿಶ್ವವಿದ್ಯಾಲಯದ ತಂಡ ವಾದಿಸಿತು. 1961ರಲ್ಲಿ ಆಲ್ಬರ್ಟ್ ಬಂಡೂರ ಸ್ಟ್ಯಾನ್‌ಫರ್ಡ್ ಶಿಶುವಿಹಾರದ 72 ಮಕ್ಕಳ ಮೇಲೆ ನಡೆಸಿದ ಪ್ರಯೋಗವನ್ನು ಪ್ರಕಟಿಸಿದರು. ದೊಡ್ಡವರು ಗಾಳಿ ತುಂಬಿದ ಗೊಂಬೆಯನ್ನು ಗುದ್ದುವುದನ್ನು ಕಂಡ ಮಕ್ಕಳು ತಾವೂ ಹಾಗೇ ಗುದ್ದಿದರು. ಈ ಎಲ್ಲ ಉತ್ತರಗಳಲ್ಲೂ ಕಾರಣ ಇರುವುದು ಮಗುವಿನ ಹೊರಗೆ. ಹಾಗಾಗಿ ಮಗು ಹಾದಿ ತಪ್ಪಿದರೆ ಬೆರಳು ಮನೆಯತ್ತ ಹೋಗುತ್ತಿತ್ತು, ಮನೆಯೊಳಗೆ ಮೊದಲು ತಾಯಿಯತ್ತ.

ಇದಕ್ಕೆ ಗಟ್ಟಿಯಾಗಿ 'ತಡೀರಿ' ಎಂದವರು ನ್ಯೂಯಾರ್ಕಿನ ವೈದ್ಯ ದಂಪತಿ ಅಲೆಕ್ಸಾಂಡರ್ ಥಾಮಸ್ ಮತ್ತು ಸ್ಟೆಲ್ಲಾ ಚೆಸ್. ಇಬ್ಬರೂ ಮನೋವೈದ್ಯರು. ತಮ್ಮ ಬಳಿ ಬರುವ ಮಕ್ಕಳ ತೊಂದರೆಗೂ ಮನೆಯವರ ನಡವಳಿಕೆಗೂ ಎಷ್ಟೋ ಸಲ ತಾಳೆಯೇ ಆಗುತ್ತಿಲ್ಲ ಎಂದು ಅವರಿಗೆ ಅನ್ನಿಸಿತ್ತು. 1956ರಲ್ಲಿ ಅವರು 133 ಮಕ್ಕಳನ್ನು ಹಾಲುಗಲ್ಲದ ವಯಸ್ಸಿನಿಂದಲೇ ಗಮನಿಸಲು ಶುರುಮಾಡಿದರು. ಹಸಿವು ಮತ್ತು ನಿದ್ದೆ ಹೊತ್ತಿಗೆ ಸರಿಯಾಗಿ ಬರುತ್ತವೆಯೇ, ಹೊಸಬರನ್ನು ಕಂಡರೆ ಮಗು ಏನು ಮಾಡುತ್ತದೆ, ಅತ್ತರೆ ಎಷ್ಟು ಜೋರಾಗಿ ಅಳುತ್ತದೆ, ಎಷ್ಟು ಬೇಗ ಸಮಾಧಾನವಾಗುತ್ತದೆ ಎಂದೆಲ್ಲ ಒಂಬತ್ತು ಗುಣಗಳನ್ನು ಅಳೆದರು. ಸುಮಾರು 40 ಶೇಕಡಾ ಮಕ್ಕಳು ಸಲೀಸಾದ ಸ್ವಭಾವದವರು. 15 ಶೇಕಡಾ ಮಕ್ಕಳು ಹೊಸದಕ್ಕೆ ನಿಧಾನವಾಗಿ ಒಗ್ಗುವವರು. 10 ಶೇಕಡಾ ಮಕ್ಕಳು ಮಾತ್ರ ಕೂಸಾಗಿದ್ದಾಗಿನಿಂದಲೇ ಕಷ್ಟದ ಸ್ವಭಾವದವರು. ಉಳಿದವರು ಯಾವ ಗುಂಪಿಗೂ ಸರಿಯಾಗಿ ಸೇರಲಿಲ್ಲ.

ಕಷ್ಟದ ಗುಂಪಿನಲ್ಲಿ ಸುಮಾರು 70 ಶೇಕಡಾ ಮಕ್ಕಳಿಗೆ ಮುಂದೆ ನಡವಳಿಕೆಯ ತೊಂದರೆ ಕಾಣಿಸಿತು. ಸಲೀಸಿನ ಗುಂಪಿನಲ್ಲಿ 18 ಶೇಕಡಾ. ಇಷ್ಟನ್ನೇ ಕೇಳಿದರೆ ಎಲ್ಲ ಹುಟ್ಟಿನಿಂದಲೇ ಬಂದದ್ದು ಎಂದು ಅನ್ನಿಸುತ್ತದೆ, ಅಲ್ವಾ? ಆದರೆ ಕಷ್ಟದ ಗುಂಪಿನಲ್ಲೂ 30 ಶೇಕಡಾ ಮಕ್ಕಳು ಚೆನ್ನಾಗಿಯೇ ಬೆಳೆದರು. ಆ 30 ಶೇಕಡಾ ಮಕ್ಕಳ ಕಥೆ ನನಗೆ ಹೆಚ್ಚು ಮುಖ್ಯ ಎನಿಸುತ್ತದೆ.

ಅದೇ ನಗರದ ಪೋರ್ಟೊರಿಕೊ ಮೂಲದ ಕಾರ್ಮಿಕ ಕುಟುಂಬಗಳನ್ನೂ ಈ ದಂಪತಿ ನೋಡಿದ್ದರು. ಅಲ್ಲಿ ಹೊತ್ತಿಗೆ ಸರಿಯಾಗಿ ಮಲಗದ ಮಗು ಯಾರಿಗೂ ಸಮಸ್ಯೆಯೇ ಆಗಿರಲಿಲ್ಲ. ಮಗು ನಿದ್ದೆ ಬಂದಾಗ ಮಲಗುತ್ತಿತ್ತು. ಶಾಲೆ ಶುರುವಾಗಿ ಬೆಳಿಗ್ಗೆ ಏಳಬೇಕಾಗಿ ಬಂದ ಮೇಲೆ ಅದೇ ಮಗು ತೊಂದರೆಯ ಮಗುವಾಯಿತು. ಮಧ್ಯಮ ವರ್ಗದ ಮನೆಗಳಲ್ಲಿ ಇದೇ ನಿದ್ದೆಯ ಜಗಳ ಕೂಸಾಗಿದ್ದಾಗಲೇ ಶುರುವಾಗಿತ್ತು. ಇನ್ನು ಸದಾ ಓಡಾಡುವ ಮಗುವನ್ನು ನೋಡಿ. ದೊಡ್ಡ ಮನೆಯಲ್ಲಿ ಅದು ಚುರುಕು ಮಗು. ಇಕ್ಕಟ್ಟಿನ ಮನೆಯಲ್ಲಿ, ಹೊರಗೆ ಬಿಡಲು ಹೆದರುವ ಬೀದಿಯಲ್ಲಿ ಅದೇ ಮಗು ಎಲ್ಲರಿಗೂ ತಲೆನೋವು. ಮಗುವಿನ ಸ್ವಭಾವ ಮತ್ತು ಮನೆಯ ನಿರೀಕ್ಷೆ ಒಂದಕ್ಕೊಂದು ಹೊಂದುತ್ತವೆಯೇ ಎಂಬುದರ ಮೇಲೆ ತೊಂದರೆ ನಿಂತಿದೆ ಎಂಬ ತೀರ್ಮಾನಕ್ಕೆ ಅವರು ಬಂದರು.

1968ರಲ್ಲಿ ರಿಚರ್ಡ್ ಬೆಲ್ ಎಂಬ ಸಂಶೋಧಕ ಇನ್ನೊಂದು ಪ್ರಶ್ನೆ ಎತ್ತಿದರು. ಹೊಡೆಯುವ ತಂದೆತಾಯಿಯ ಮಕ್ಕಳು ತಾವೂ ಹೊಡೆಯುತ್ತಾರೆ, ಸರಿ. ಆದರೆ ಮಕ್ಕಳ ಹಟ ತಡೆಯಲಾಗದೆ ದೊಡ್ಡವರು ಹೊಡೆಯಲು ಶುರುಮಾಡಿದ್ದೂ ಇರಬಹುದಲ್ಲವೇ? ಕೇಳಲು ಸುಲಭವಾದ ಪ್ರಶ್ನೆ. ಆದರೆ ಅದುವರೆಗಿನ ಎಷ್ಟೋ ಅಧ್ಯಯನಗಳನ್ನು ಮತ್ತೆ ಓದಬೇಕಾಯಿತು.

ಸ್ವಭಾವ ಮತ್ತು ಮನೆ ಎರಡನ್ನೂ ಒಂದೇ ಲೆಕ್ಕದಲ್ಲಿ ಇಟ್ಟು ನೋಡಿದ ಮುಖ್ಯ ಅಧ್ಯಯನ 1980ರಲ್ಲಿ ಬಂತು. ಮಾಡಿದವರು ಸ್ವೀಡನ್ ಮೂಲದ ಡಾನ್ ಓಲ್ವೆಯಸ್. ಶಾಲೆಗಳಲ್ಲಿ ಮಕ್ಕಳು ಮಕ್ಕಳನ್ನೇ ಕಾಡುವ ಬಗ್ಗೆ ಮೊದಲು ದೊಡ್ಡ ಮಟ್ಟದಲ್ಲಿ ಸಂಶೋಧನೆ ಮಾಡಿದ ಹೆಸರು ಇದೇ. ಸುಮಾರು 13 ವಯಸ್ಸಿನ 76 ಹುಡುಗರು, 16 ವಯಸ್ಸಿನ 51 ಹುಡುಗರು ಇದರಲ್ಲಿದ್ದರು. ಯಾರು ಜಗಳಗಂಟ ಎಂದು ಹೇಳಿದವರು ಸಹಪಾಠಿಗಳೇ. ಜೊತೆಗೆ ಮನೆಯವರನ್ನು ಕೂರಿಸಿಕೊಂಡು ಹುಡುಗನ ಬಾಲ್ಯದ ಬಗ್ಗೆ ವಿವರವಾಗಿ ಕೇಳಿದರು.

ನಾಲ್ಕು ಕಾರಣಗಳು ಎದ್ದು ಕಂಡವು. ಚಿಕ್ಕಂದಿನಲ್ಲಿ ತಾಯಿಗೆ ಮಗುವಿನ ಮೇಲಿದ್ದ ಬೇಸರ ಮತ್ತು ತಣ್ಣಗಿನ ಭಾವ. ಮಗು ಹೊಡೆದಾಗ ತಾಯಿ ಸುಮ್ಮನೆ ಬಿಟ್ಟುಬಿಡುವುದು. ತಂದೆತಾಯಿ ಏಟು ಮತ್ತು ಬೆದರಿಕೆಯಿಂದ ಬೆಳೆಸುವುದು. ಕೊನೆಗೆ ಹುಡುಗನದೇ ಆದ ಬಿಸಿ ಸ್ವಭಾವ. ಈ ಸ್ವಭಾವ ಎರಡು ದಾರಿಯಲ್ಲಿ ಕೆಲಸ ಮಾಡುತ್ತಿತ್ತು. ನೇರವಾಗಿ ಒಂದಿಷ್ಟು. ತಾಯಿಯನ್ನು ಸುಸ್ತುಮಾಡಿ ಇನ್ನೊಂದಿಷ್ಟು. ದಿನವಿಡೀ ರಚ್ಚೆ ಹಿಡಿಯುವ, ಕೈಗೆ ಸಿಗದೆ ಓಡುವ ಮಗುವಿನ ಹಿಂದೆ ಓಡಿ ಓಡಿ ತಾಯಿ ದಣಿಯುತ್ತಾಳೆ. ಒಂದು ಹಂತದಲ್ಲಿ 'ಏನಾದ್ರೂ ಮಾಡ್ಕೋ' ಎಂದು ಬಿಟ್ಟುಬಿಡುತ್ತಾಳೆ. ಹೊರಗಿನವರಿಗೆ ಅದೇ ಸಲುಗೆಯಾಗಿ ಕಾಣುತ್ತದೆ.

ಈ ಅಧ್ಯಯನಕ್ಕೆ ಮಿತಿಗಳಿವೆ. ಇದರಲ್ಲಿ ಹುಡುಗಿಯರಿಲ್ಲ. ಕೂಸಾಗಿದ್ದಾಗಿನ ಸ್ವಭಾವವನ್ನು ತಂದೆತಾಯಿ ಹತ್ತು ಹದಿನೈದು ವರ್ಷದ ನಂತರ ನೆನಪಿನಿಂದ ಹೇಳಿದ್ದಾರೆ. ಇವತ್ತು ಜಗಳವಾಡುವ ಮಗ ಅಂದೂ ಹಾಗೇ ಇದ್ದ ಎಂದು ನೆನಪಾಗುವುದು ಸಹಜ. ಎರಡು ಕಾರಣಗಳ ಪಕ್ಕ ತಾಯಿಯ ಹೆಸರೇ ಇರುವುದನ್ನೂ ಎಚ್ಚರದಿಂದ ಓದಬೇಕು. ಆಗಿನ ಮನೆಗಳಲ್ಲಿ ಚಿಕ್ಕ ಮಕ್ಕಳ ಜೊತೆ ಇಡೀ ದಿನ ಇರುತ್ತಿದ್ದವರು ಹೆಚ್ಚಾಗಿ ತಾಯಂದಿರೇ. ಜೊತೆಗಿದ್ದವರ ಹೆಸರು ಲೆಕ್ಕಕ್ಕೆ ಬರುತ್ತದೆ, ಇಲ್ಲದವರದು ಬರುವುದಿಲ್ಲ.

ಅದೇ ಹೊತ್ತಿಗೆ ಅಮೆರಿಕದ ಆರೆಗಾನ್ ರಾಜ್ಯದಲ್ಲಿ ಜೆರಾಲ್ಡ್ ಪ್ಯಾಟರ್ಸನ್ ನೆನಪುಗಳನ್ನು ನಂಬದೆ ನೇರವಾಗಿ ಮನೆಗಳಿಗೇ ಜನರನ್ನು ಕಳಿಸಿದ್ದರು. ಹಾಗೆ ಹೋದವರು ಮೂಲೆಯಲ್ಲಿ ಕೂತು, ಯಾರು ಏನು ಮಾಡಿದರು, ಅದಕ್ಕೆ ಇನ್ನೊಬ್ಬರು ಏನು ಮಾಡಿದರು ಎಂದು ಕ್ಷಣಕ್ಷಣಕ್ಕೂ ಬರೆದುಕೊಳ್ಳುತ್ತಿದ್ದರು. ಅಲ್ಲಿ ಕಂಡದ್ದು ನಮ್ಮ ಮನೆಗಳಿಗೂ ಹೊಸದಲ್ಲ. ಅಂಗಡಿಯಲ್ಲಿ ಮಗು ಬಿಸ್ಕತ್ ಕೇಳುತ್ತದೆ. ಬೇಡ ಎನ್ನುತ್ತೀರಿ. ಮಗು ಕಿರುಚುತ್ತದೆ, ನೀವು ಗದರುತ್ತೀರಿ. ಅದು ನೆಲದ ಮೇಲೆ ಬಿದ್ದು ಹೊರಳಾಡುತ್ತದೆ. ಎಲ್ಲರೂ ನೋಡುತ್ತಿದ್ದಾರೆ. ಕೊಡಿಸಿಬಿಡುತ್ತೀರಿ, ಅಳು ನಿಲ್ಲುತ್ತದೆ. ಕಿರುಚಿದರೆ ಸಿಗುತ್ತದೆ ಎಂದು ಮಗು ಕಲಿಯಿತು. ಸೋತರೆ ನೆಮ್ಮದಿ ಎಂದು ನೀವೂ ಕಲಿತಿರಿ. ಇನ್ನೊಂದು ದಿನ ಏಟು ಬೀಳುತ್ತದೆ, ಮಗು ತೆಪ್ಪಗಾಗುತ್ತದೆ. ಜೋರು ಮಾಡಿದವರು ಗೆಲ್ಲುತ್ತಾರೆ ಎಂಬ ಪಾಠ ಅಂದೂ ಸಿಗುತ್ತದೆ. ದಿನಕ್ಕೆ ಹತ್ತಾರು ಸಲ ಹೀಗಾದರೆ ಅದೇ ಮನೆಯ ರೂಢಿಯಾಗುತ್ತದೆ. 1982ರಲ್ಲಿ ಪ್ಯಾಟರ್ಸನ್ ಇದನ್ನೆಲ್ಲ ಒಂದು ಸಿದ್ಧಾಂತವಾಗಿ ಮುಂದಿಟ್ಟರು. ಕೆಟ್ಟ ತಾಯಿ, ಕೆಟ್ಟ ಮಗು ಎಂಬ ಮಾತಿಗೆ ಅದರಲ್ಲಿ ಜಾಗವಿರಲಿಲ್ಲ.

ಮುಂದಿನ ಬೆಳವಣಿಗೆಗಳನ್ನು ಬೇಗ ಹೇಳಬಹುದು. ಕೆನಡಾದ ಸಂಶೋಧಕ ರಿಚರ್ಡ್ ಟ್ರೆಂಬ್ಲೆ ಪ್ರಶ್ನೆಯನ್ನೇ ತಿರುಗಿಸಿದರು. ಮಕ್ಕಳು ಅತಿ ಹೆಚ್ಚು ಹೊಡೆಯುವುದು, ಕಚ್ಚುವುದು ಎರಡರಿಂದ ನಾಲ್ಕು ವರ್ಷದೊಳಗೆ. ಆಮೇಲೆ ಹೆಚ್ಚಿನವರಲ್ಲಿ ಅದು ಇಳಿಯುತ್ತದೆ. ಹಾಗಾದರೆ ಮಕ್ಕಳು ಹೊಡೆಯುವುದನ್ನು ಹೇಗೆ ಕಲಿತರು ಎಂದಲ್ಲ, ಹೊಡೆಯದೆ ಇರುವುದನ್ನು ಹೇಗೆ ಕಲಿಯುತ್ತಾರೆ ಎಂದು ಕೇಳಬೇಕು ಎಂದರು. ಮನಶ್ಶಾಸ್ತ್ರಜ್ಞೆ ಗ್ರಾಝಿನಾ ಕೊಹಾನ್ಸ್ಕಾ ಅಮೆರಿಕದ ಅಯೋವಾದಲ್ಲಿ ನೋಡಿದಂತೆ, ಅಂಜುಬುರುಕ ಮಗುವಿಗೆ ಮೆತ್ತಗಿನ ಮಾತೇ ಸಾಕು. ಯಾವುದಕ್ಕೂ ಅಂಜದ ಮಗು ಮಾತು ಕೇಳುವುದು ದೊಡ್ಡವರ ಜೊತೆ ಪ್ರೀತಿಯ ನಂಟು ಗಟ್ಟಿಯಿದ್ದರೆ. ನ್ಯೂಜಿಲೆಂಡಿನ ಡುನೆಡಿನ್‌ನಲ್ಲಿ 1972-73ರಲ್ಲಿ ಹುಟ್ಟಿದ 1,037 ಮಕ್ಕಳ ಅಧ್ಯಯನದಿಂದ 2002ರಲ್ಲಿ ಒಂದು ಜೀನ್ ಸುದ್ದಿಯಾಯಿತು. ಆ ಜೀನಿನ ಒಂದು ಬಗೆ ಇದ್ದು, ಬಾಲ್ಯದಲ್ಲಿ ಹಿಂಸೆಯನ್ನೂ ಉಂಡ ಹುಡುಗರಲ್ಲಿ ಆಕ್ರಮಣ ಜಾಸ್ತಿ ಎಂದು ತಿಳಿಯಿತು. ಪತ್ರಿಕೆಗಳಲ್ಲಿ ಜೀನ್ ದೊಡ್ಡ ಅಕ್ಷರದಲ್ಲಿ ಬಂತು, ಹಿಂಸೆ ಸಣ್ಣ ಅಕ್ಷರದಲ್ಲಿ. ಅದು ಅನ್ಯಾಯ ಎಂದೇ ನನಗೆ ಅನ್ನಿಸುತ್ತದೆ.

ಮಕ್ಕಳಿಗೆ ಮನೆಯಲ್ಲೂ ಏಟು ಕೊಡುವಂತಿಲ್ಲ ಎಂದು ಸ್ವೀಡನ್ 1979ರಲ್ಲೇ ಕಾನೂನು ಮಾಡಿತು. ಜಗತ್ತಿನಲ್ಲಿ ಮೊದಲ ದೇಶ ಅದು. ನಮ್ಮಲ್ಲಿ 2007ರ ಕೇಂದ್ರ ಸರ್ಕಾರದ ಅಧ್ಯಯನದಲ್ಲಿ 13 ರಾಜ್ಯಗಳ 12,447 ಮಕ್ಕಳನ್ನು ಕೇಳಿದ್ದರು. ಮೂವರಲ್ಲಿ ಇಬ್ಬರು ಪೆಟ್ಟು ತಿಂದಿದ್ದರು. ಮನೆಯಲ್ಲಿ ಹೊಡೆದವರು ಹೆಚ್ಚಾಗಿ ತಂದೆತಾಯಿಯೇ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಶಾಲೆಯಲ್ಲಿ ಏಟನ್ನು ನಿಷೇಧಿಸಿತು. ಮನೆಯೊಳಗೆ ಅಂಥ ನೇರ ನಿಷೇಧವಿಲ್ಲ. 2005ರಲ್ಲಿ ಪ್ರಕಟವಾದ ನಿಮ್ಹಾನ್ಸ್ ತಂಡದ ಅಧ್ಯಯನ ಬೆಂಗಳೂರು ನಗರ ಮತ್ತು ಹಳ್ಳಿಗಳ 2,064 ಮಕ್ಕಳನ್ನು ನೋಡಿತ್ತು. ಸುಮಾರು 12 ಶೇಕಡಾ ಮಕ್ಕಳಿಗೆ ಯಾವುದಾದರೊಂದು ಮಾನಸಿಕ ತೊಂದರೆ ಇತ್ತು. ಅಂದರೆ ನಲವತ್ತು ಮಕ್ಕಳ ತರಗತಿಯಲ್ಲಿ ನಾಲ್ಕೈದು ಮಂದಿ.

ಈಗ ಹೊಡೆಯುವ, ಹಟ ಹಿಡಿಯುವ ಮಕ್ಕಳಿಗೆ ಕೊಡುವ ಮುಖ್ಯ ನೆರವು ಮನೆಯವರಿಗೆ ಕೊಡುವ ತರಬೇತಿ. ಅದರ ಬೇರು ಪ್ಯಾಟರ್ಸನ್ ಕೆಲಸದಲ್ಲಿದೆ. ಚೆನ್ನಾಗಿ ನಡೆದುಕೊಂಡಾಗ ಕೂಡಲೇ ಗಮನಿಸಿ ಹೇಳುವುದು, ಆದೇಶಗಳನ್ನು ಕಡಿಮೆ ಮಾಡುವುದು, 'ಬೇಡ' ಎಂದದ್ದಕ್ಕೆ ನಿಲ್ಲುವುದು, ಏಟಿನ ಬದಲು ಸಣ್ಣ, ಖಚಿತ ಶಿಕ್ಷೆ ಇಡುವುದು. ಕೆಲವು ವಾರ ಅಭ್ಯಾಸ ಬೇಕು. ನಮ್ಮಲ್ಲಿ ತಾಯಿಯೊಬ್ಬಳನ್ನೇ ಕಳಿಸಿ ಉಳಿದವರು ಮನೆಯಲ್ಲಿ ಕೂತರೆ ಇದು ನಡೆಯುವುದು ಕಷ್ಟ. ಅಮ್ಮ ಬೇಡ ಎಂದದ್ದನ್ನು ಅಪ್ಪ ಅಥವಾ ಅಜ್ಜಿ ಆಗಾಗ ಕೊಟ್ಟರೆ ರಚ್ಚೆ ಇನ್ನೂ ಗಟ್ಟಿಯಾಗುತ್ತದೆ. ಪ್ರತಿ ಸಲ ಸಿಗುವುದಕ್ಕಿಂತ ಯಾವಾಗಲೋ ಒಮ್ಮೆ ಸಿಗುವುದರಿಂದ ಬಂದ ಅಭ್ಯಾಸ ಬಿಡಿಸುವುದು ಕಷ್ಟ. ಮೊದಲ ಮಾತುಕತೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ. ಸಂಖ್ಯೆ 14416. 2022ರ ಅಕ್ಟೋಬರ್‌ನಲ್ಲಿ ಶುರುವಾಯಿತು, ಕರೆ ಉಚಿತ, ಕನ್ನಡದಲ್ಲೂ ಮಾತಾಡಬಹುದು. ಸಾಧ್ಯವಾದರೆ ಮನೆಯವರೆಲ್ಲ ಕೂತಿರುವಾಗಲೇ ಮಾಡಿ.