ಬೀಚಿನ ಪ್ರತಿಮೆಯ ರಾಣೆ ಜನರಲ್ ಆಗಿದ್ದರಾ?

ಓದುಗರ ಪ್ರಶ್ನೆ: ಕಾರವಾರದ ಟಾಗೋರ್ ಬೀಚಿನಲ್ಲಿ ಯುದ್ಧನೌಕೆ ಮ್ಯೂಸಿಯಂ ಹತ್ತಿರ ರಾಮ ರಾಘೋಬಾ ರಾಣೆ ಅವರ ಪ್ರತಿಮೆ ಇದೆ. ಅವರು ಸೇನೆಯಲ್ಲಿ ಜನರಲ್ ಆಗಿದ್ದರಾ?

ಇಲ್ಲ. 1968ರಲ್ಲಿ ನಿವೃತ್ತಿಯಾದಾಗ ಅವರು ಮೇಜರ್. ಪರಮವೀರ ಚಕ್ರ ತಂದುಕೊಟ್ಟ ದಿನಗಳಲ್ಲಂತೂ ಬರೀ ಸೆಕೆಂಡ್ ಲೆಫ್ಟಿನೆಂಟ್. ಹೆಗಲ ಮೇಲೆ ಒಂದೇ ನಕ್ಷತ್ರ. ಅಧಿಕಾರಿಯಾಗಿ ನಾಲ್ಕು ತಿಂಗಳೂ ತುಂಬಿರಲಿಲ್ಲ. ಹಾಗಂತ ಹೊಸಬರೇನಲ್ಲ. ನಮ್ಮ ಚೆಂಡಿಯಾದ ಪೊಲೀಸ್ ಕಾನ್‌ಸ್ಟೇಬಲ್ ಒಬ್ಬರ ಮಗ, 1940ರಲ್ಲೇ ಸೇನೆಯ ಎಂಜಿನಿಯರ್ ಪಡೆ ಬಾಂಬೆ ಎಂಜಿನಿಯರ್ಸ್ ಸೇರಿ ಬರ್ಮಾ ಯುದ್ಧ ನೋಡಿ ಬಂದಿದ್ದರು.

ರಾಣೆಗೆ ಪರಮವೀರ ಚಕ್ರ ತಂದುಕೊಟ್ಟ ಕಾಶ್ಮೀರ ಯುದ್ಧದಲ್ಲಿ ಜನರಲ್ ಒಬ್ಬರಿದ್ದರು, ಕೊಡಗಿನ ಕಾರ್ಯಪ್ಪ. 1948ರಲ್ಲಿ ಪಶ್ಚಿಮದ ಸೇನೆಯ ಹೊಣೆ ಅವರದು. ಮಾರ್ಚ್‌ನಲ್ಲಿ ಪಾಕಿಸ್ತಾನದ ಕಡೆಯವರಿಂದ ಝಂಗಡ್ ಊರು ಮರಳಿ ಸಿಕ್ಕಿತು, ಮುಂದಿನ ಗುರಿ ರಜೌರಿ ಪಟ್ಟಣ. ಆದರೆ ನೌಶೇರಾದಿಂದ ಅಲ್ಲಿಗೆ ಹೋಗುವ ದಾರಿಯನ್ನು ಶತ್ರುಗಳು ಹಾಳುಗೆಡವಿದ್ದರು. ದಾರಿಯಿಲ್ಲದೆ ಟ್ಯಾಂಕ್ ಹೋಗೋದು ಹೇಗೆ? ಆ ಕೆಲಸ ರಾಣೆ ಮತ್ತು ಅವರ ಚಿಕ್ಕ ತಂಡದ ಪಾಲಿಗೆ ಬಂತು.

ಏಪ್ರಿಲ್ 8ರಂದು ನೆಲದಲ್ಲಿ ಹೂತಿಟ್ಟ ಬಾಂಬುಗಳನ್ನು, ಅಂದರೆ ಮೈನ್‌ಗಳನ್ನು ತೆಗೆಯಲು ಇಳಿದರೋ ಇಲ್ಲವೋ, ಮಾರ್ಟರ್ ಶೆಲ್‌ಗಳು ಬಿದ್ದವು. ಇಬ್ಬರು ಸತ್ತರು, ಐವರಿಗೆ ಗಾಯ. ಆ ಐವರಲ್ಲಿ ರಾಣೆಯೂ ಒಬ್ಬರು. ಹಿಂದೆ ಹೋಗಿ ಮಲಗಬಹುದಿತ್ತು ಅಲ್ವಾ? ಹೋಗಲಿಲ್ಲ. ಟ್ಯಾಂಕಿನ ಅಡಿಯಲ್ಲೇ ತೆವಳುತ್ತಾ ಮುಂದೆ ಸಾಗಿದರು. ಒಳಗೆ ಕೂತ ಚಾಲಕನಿಗೆ ಕೂಗಿದರೆ ಕೇಳಿಸದು, ಅದಕ್ಕೇ ಕೈಯಲ್ಲಿ ಹಗ್ಗ. ಹಗ್ಗ ಎಳೆದು ಸಂಕೇತ ಕೊಟ್ಟಂತೆ ಟ್ಯಾಂಕ್ ನಡೆಯಿತು. ಒಂದು ತಪ್ಪು ಎಳೆತವಾಗಿದ್ದರೂ ತಲೆಯ ಮೇಲಿರುವ ಆ ಟನ್‌ಗಟ್ಟಲೆ ಉಕ್ಕು ಮೈನ್ ಮೇಲೆ ಹತ್ತುತ್ತಿತ್ತು. ಈ ದೃಶ್ಯವನ್ನು ಎಷ್ಟು ಸಲ ನೆನೆದರೂ ನನಗೆ ಮೈ ಜುಮ್ ಅನ್ನುತ್ತದೆ.

ಮುಂದಿನ ಮೂರು ದಿನವೂ ಅದೇ ಕೆಲಸ. ರಸ್ತೆಗೆ ಅಡ್ಡ ಕೆಡವಿದ ಪೈನ್ ಮರಗಳು, ಅವುಗಳ ಸುತ್ತ ಮೈನ್‌ಗಳು, ಗುಡ್ಡದ ಮೇಲಿಂದ ಗುಂಡು. 11ರಂದು ರಜೌರಿ ದಾರಿಯ ನಡುವಿನ ಚಿಂಗಸ್ ತನಕ ದಾರಿ ತೆರೆದ ಮೇಲೂ ಅವರು ಕೂರಲಿಲ್ಲ, ರಾತ್ರಿಯವರೆಗೆ ಮುಂದಿನ ದಾರಿ ಬಿಡಿಸಿದರು. ಮರುದಿನ ನಮ್ಮ ಪಡೆ ರಜೌರಿ ಮುಟ್ಟಿತು.

ಕಾರ್ಯಪ್ಪ 1949ರ ಜನವರಿ 15ರಂದು ಸೇನೆಯ ಮೊದಲ ಭಾರತೀಯ ಮುಖ್ಯಸ್ಥರಾದರು. ಸೇನಾ ದಿನ ಅಂತ ನಾವು ಆಚರಿಸುವುದು ಅದನ್ನೇ. ಪರಮವೀರ ಚಕ್ರವನ್ನು ಬದುಕಿದ್ದಾಗಲೇ ಎದೆಗೆ ತೊಟ್ಟ ಕೆಲವೇ ಕೆಲವರಲ್ಲಿ ರಾಣೆ ಒಬ್ಬರು. 1994ರಲ್ಲಿ ಪುಣೆಯಲ್ಲಿ ತೀರಿಕೊಂಡರು. ಬೀಚಿನ ಪ್ರತಿಮೆ ನಿಂತಿದ್ದು 2006ರಲ್ಲಿ. ಅಂಡಮಾನಿನ ದ್ವೀಪವೊಂದಕ್ಕೆ ಅವರ ಹೆಸರು ಬಂದಿದ್ದು 2023ರಲ್ಲಿ. ಸಂಜೆ ಮಕ್ಕಳನ್ನು ಕರೆದುಕೊಂಡು ಅತ್ತ ಹೋದಾಗ ಆ ಹಗ್ಗದ ಕತೆ ಹೇಳಿ.