ಪ್ರಶ್ನೆ ಪತ್ರಿಕೆ ತೆಗೆಯುವವರು ಯಾರು?

ತೀರ್ಥಹಳ್ಳಿ ಕಡೆಯ ಕಾಲೇಜೊಂದರಲ್ಲಿ ಬಿಎಸ್ಸಿ ಓದುತ್ತಿದ್ದೆ. ಪ್ರಾಣಿಶಾಸ್ತ್ರದ ಮೇಷ್ಟ್ರು ಬೋರ್ಡಿನ ಮೇಲೆ ರಕ್ತ ಹೀರುವ ಉಣುಗಿನ ಚಿತ್ರ ಬರೆದು ಭಾಗ ಗುರುತಿಸುತ್ತಿದ್ದರು. ಗೆಳೆಯನೊಬ್ಬ ಎದ್ದು ನಿಂತ. ‘ಸರ್, ಮಂಗ ಸತ್ರೆ ಮೈಮೇಲಿನ ಉಣುಗೆಲ್ಲ ಎಲ್ಲಿಗೆ ಹೋಗ್ತವೆ?’ ಆ ವಾರ ಅವನ ತೋಟದಂಚಿಗೆ ಮಂಗ ಸತ್ತು ಬಿದ್ದಿತ್ತು. ಮೇಷ್ಟ್ರು ಗಡಿಯಾರ ನೋಡಿದರು. ‘ಒಳ್ಳೇ ಪ್ರಶ್ನೆ ಕಣೋ. ಪರೀಕ್ಷೆಗೆ ಬರಲ್ಲ. ಪೋರ್ಷನ್ ಮುಗೀಬೇಕು.’

ಅವರನ್ನು ದೂರಿ ಫಲವಿಲ್ಲ. ಆ ಮಾತಿನ ಬೇರು 1857ರಷ್ಟು ಹಿಂದಕ್ಕಿದೆ. ಭಾರತದ ಶಿಕ್ಷಣ ಕುರಿತ 1854ರ ಚಾರ್ಲ್ಸ್ ವುಡ್ ವರದಿಯ ಬೆನ್ನಿಗೆ ಕಲ್ಕತ್ತ, ಬೊಂಬಾಯಿ, ಮದರಾಸುಗಳಲ್ಲಿ ವಿಶ್ವವಿದ್ಯಾಲಯಗಳು ಹುಟ್ಟಿದವು. ಮಾದರಿ, ಅಂದಿನ ಲಂಡನ್ ವಿಶ್ವವಿದ್ಯಾಲಯ. ಅವು ಪಾಠ ಹೇಳುತ್ತಿರಲಿಲ್ಲ. ಪರೀಕ್ಷೆ ನಡೆಸಿ ಪದವಿ ಕೊಡುತ್ತಿದ್ದವು. ಕಲಿಸುವವರು ಒಬ್ಬರು, ಪತ್ರಿಕೆ ತೆಗೆಯುವವರು ಇನ್ನೊಬ್ಬರು. 1904ರ ಕಾಯ್ದೆ ವಿಶ್ವವಿದ್ಯಾಲಯಗಳಿಗೂ ಪಾಠದ ಅವಕಾಶ ಕೊಟ್ಟಿತು, ನಿಜ. ಅವುಗಳಡಿಯ ಸಂಯೋಜಿತ ಕಾಲೇಜುಗಳ ಪಾಡು ಮಾತ್ರ ಇದ್ದಲ್ಲೇ ಉಳಿಯಿತು.

1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಬಂತು. 1940ರಲ್ಲಿ ಶುರುವಾದ ಶಿವಮೊಗ್ಗದ ಸಹ್ಯಾದ್ರಿ ಕಾಲೇಜು ಅದರ ನೆರಳಿಗೆ ಸೇರಿತು. 1987ರಲ್ಲಿ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯ ತಲೆಯೆತ್ತಿದ ಮೇಲೆ ಮೈಸೂರಿನಿಂದ ಬರುತ್ತಿದ್ದ ಪತ್ರಿಕೆ ಭದ್ರಾವತಿ ತಾಲ್ಲೂಕಿನಿಂದ ಬರತೊಡಗಿತು. ದಾರಿ ಹತ್ತಿರವಾಯಿತು, ಅಷ್ಟೆ.

ಅದೇ ಮಲೆನಾಡಿನಲ್ಲಿ ದೊಡ್ಡ ವಿಜ್ಞಾನ ಯಾವ ಪೋರ್ಷನ್ನಿಗೂ ಕಾದಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಸುತ್ತಲ ಊರಿನವರು ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹುಡುಕಿದಾಗ ರೋಗದ ಎಳೆ ಹೋಗಿ ಉಣುಗಿಗೆ ಮುಟ್ಟಿತು. ಉಣುಗು ಕಚ್ಚಿ ಹರಡುವ ಆ ಜ್ವರವೇ ಮಂಗನ ಕಾಯಿಲೆ. ಆ ಹಳ್ಳಿಗಳ ಮಕ್ಕಳೇ ಇವತ್ತು ನಮ್ಮ ಕಾಲೇಜುಗಳ ಬೆಂಚಿನಲ್ಲಿದ್ದಾರೆ.

ಬದಲಾವಣೆಗಳೇನೂ ಕಡಿಮೆಯಿಲ್ಲ. ವಾರ್ಷಿಕ ಪದ್ಧತಿ ಹೋಗಿ ಸೆಮಿಸ್ಟರ್ ಬಂತು, ಆಮೇಲೆ ಕ್ರೆಡಿಟ್ಟು. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ದೇಶದಲ್ಲೇ ಮೊದಲು ಜಾರಿಗೆ ತಂದದ್ದು ಕರ್ನಾಟಕ. ಓಪನ್ ಎಲೆಕ್ಟಿವ್ ಹೆಸರಿನಲ್ಲಿ ಬಿಎ ಹುಡುಗಿಯೂ ವಿಜ್ಞಾನದ ವಿಷಯ ಆರಿಸಿಕೊಳ್ಳಬಹುದಾಯಿತು. ಆದರೆ ಅತಿಥಿ ಉಪನ್ಯಾಸಕರನ್ನೇ ನಂಬಿದ ಸಣ್ಣ ಊರಿನ ಕಾಲೇಜಿನಲ್ಲಿ ಆಯ್ಕೆ ಅಂದರೆ ಯಾವ ಮೇಷ್ಟ್ರು ಸಿಕ್ಕರೋ ಅವರ ವಿಷಯ. 2023ರಲ್ಲಿ ರಾಜ್ಯದ್ದೇ ಶಿಕ್ಷಣ ನೀತಿ ರೂಪಿಸಲು ಸುಖದೇವ್ ಥೋರಟ್ ಆಯೋಗ, 2024ರಲ್ಲಿ ರಾಷ್ಟ್ರೀಯ ನೀತಿಯ ನಾಲ್ಕು ವರ್ಷದ ಪದವಿ ಬಿಟ್ಟು ಮತ್ತೆ ಮೂರು ವರ್ಷದ ಪದವಿ. ಆ ವರ್ಷ ಒಂದೇ ಕಾರಿಡಾರಿನಲ್ಲಿ ಮೊದಲ ವರ್ಷದವರಿಗೊಂದು ನೀತಿ, ಉಳಿದವರಿಗೊಂದು.

ಇಷ್ಟೆಲ್ಲ ಅದಲುಬದಲಿನಲ್ಲಿ ಹೆಚ್ಚಿನ ಕಾಲೇಜುಗಳಲ್ಲಿ ಕಲಿಸಿದವರ ಕೈಗೆ ಪತ್ರಿಕೆ ಬರಲಿಲ್ಲ. ಒಳ್ಳೆಯ ಕಾಲೇಜುಗಳಿಗೆ ಸ್ವಾಯತ್ತತೆ ಕೊಡಿ ಎಂದು ಕೊಠಾರಿ ಆಯೋಗ 1966ರಲ್ಲೇ ಹೇಳಿತ್ತು. ಸ್ವಾಯತ್ತ ಕಾಲೇಜುಗಳಲ್ಲಿ ಪಠ್ಯ, ಪತ್ರಿಕೆ ಎರಡೂ ಅವರದೇ. ಹಳ್ಳಿಗಾಡಿನ ಸರ್ಕಾರಿ ಕಾಲೇಜಿಗೆ ಅದು ಇನ್ನೂ ದೂರದ ಮಾತು. ಪಠ್ಯ ಎಷ್ಟು ಸಲ ತಿದ್ದಿದರೂ ಜಗಳ ಇರುವುದು ಇಲ್ಲಿ ಅನ್ನುವುದು ನನ್ನ ಅನಿಸಿಕೆ.

ಗೆಳೆಯನಿಗೆ ಉತ್ತರ ಸಿಕ್ಕಿದ್ದು ಮೂರು ದಿನದ ಮೇಲೆ, ಮಂಗ ಬಿದ್ದಿದ್ದ ಜಾಗದ ಸುತ್ತ 50 ಅಡಿ ಮಲಾಥಿಯಾನ್ ಎಂಬ ಕೀಟನಾಶಕದ ಪುಡಿ ಎರಚಲು ಬಂದ ಆರೋಗ್ಯ ಇಲಾಖೆಯವರಿಂದ. ಮಂಗ ಸತ್ತರೆ ಉಣುಗು ಮೈಯಿಂದ ಉದುರಿ ಅಲ್ಲೇ ನೆಲಕ್ಕೆ ಸೇರುತ್ತವೆ, ಹಾದುಹೋದವರಿಗೆ ಹತ್ತುತ್ತವೆ ಅಂದರಂತೆ. ಕೊಟ್ಟಿಗೆಗೆ ಹಾಸಲು ಅವನಮ್ಮ ಒಣ ದರಗೆಲೆ ಗುಡಿಸಿ ತರುತ್ತಿದ್ದುದು ಅದೇ ಜಾಗದಿಂದ.