ಕುಪ್ಪಸದ ಬೆನ್ನು ಬಿಗಿ, ತೋಳು ಸಡಿಲ

ಇಳಕಲ್ಲಿನ ನಮ್ಮ ಚಿಗವ್ವ ನಲವತ್ತು ವರ್ಷ ಕುಣಿಮಗ್ಗದಲ್ಲಿ ಸೀರೆ ನೇಯ್ದವಳು. ಕುಣಿಮಗ್ಗ ಗೊತ್ತಲ್ವಾ? ನೆಲದಲ್ಲಿ ತೋಡಿದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ. ಹೋದ ವರ್ಷ ಅವಳಿಗೆ ಆ ಗುಂಡಿಯಿಂದ ಏಳುವುದೇ ಕಷ್ಟವಾಯಿತು. ಎರಡೂ ಕೈ ನೆಲಕ್ಕೆ ಊರಿದರೂ ತೊಡೆ ಗಡಗಡ ನಡುಗುತ್ತಿತ್ತು.

ಮೊಣಕಾಲು ನೋವಿಗೆ ಹೀಗಾಗಿದೆ ಅಂದುಕೊಂಡೆವು. ಆ ನೋವಿಗೆ ಅವಳು ಸಂತೆಯಲ್ಲಿ ಒಬ್ಬನ ಹತ್ತಿರ ಪೊಟ್ಟಣ ತರುತ್ತಿದ್ದಳು. ಒಂದು ಬೂದು ಪುಡಿ, ಜೊತೆಗೆ ಸಣ್ಣ ಬಿಳಿ ಗುಳಿಗೆ. "ಬರೇ ಬೇರು-ನಾರು ಐತಿ ಬೇ ಯವ್ವಾ, ಏನೂ ಆಗಂಗಿಲ್ಲ" ಅಂದಿದ್ದನಂತೆ. ಎರಡೇ ದಿನಕ್ಕೆ ನೋವು ಮಾಯ. ಹಸಿವು ಜಾಸ್ತಿಯಾಯಿತು. ನಾಲ್ಕು ತಿಂಗಳಿಗೆ ಮುಖ ದುಂಡಗಾಗಿ ಕೆನ್ನೆ ಕೆಂಪೇರಿತು. "ಈಗ ಮೈ ಹಿಡದೈತಿ ನೋಡು ನಿನಗ" ಎಂದು ಓಣಿಯವರು ಹೊಗಳಿದರು. ನಮ್ಮಲ್ಲಿ ಚಂದ್ರಮುಖಿ ಅಂದರೆ ಹೊಗಳಿಕೆ. ಡಾಕ್ಟರ ಬಾಯಲ್ಲಿ 'ಮೂನ್ ಫೇಸ್' ಅಂದರೆ ಕಾಯಿಲೆಯ ಗುರುತು.

ಗುಟ್ಟು ಬಿಟ್ಟುಕೊಟ್ಟದ್ದು ಅವಳ ಗುಳೇದಗುಡ್ಡ ಖಣದ ಕುಪ್ಪಸ. ಬೆನ್ನು ಬಿಗಿಯಾಗಿ ಮುಂದಿನ ಗಂಟಿನ ತುದಿಗಳು ಕೂಡುತ್ತಿರಲಿಲ್ಲ. ತೋಳು ಮಾತ್ರ ಜೋತಾಡುತ್ತಿತ್ತು. ಸುಮ್ನೆ ತಿಂದು ದಪ್ಪಗಾದವರಿಗೆ ತೋಳೂ ಬಿಗಿಯಾಗಬೇಕಲ್ವಾ? ಅದೇ ವಾರ ಬಳೆಗಾರ ಕೈ ಹಿಚುಕಿ ಬಳೆ ಇಡಿಸಿದ ಕಡೆಯೆಲ್ಲ ಚರ್ಮ ನೀಲಿಗಟ್ಟಿತು.

ಎರಡು ಮೂತ್ರಪಿಂಡಗಳ ತಲೆಯ ಮೇಲೆ ಟೋಪಿ ಇಟ್ಟ ಹಾಗೆ ಒಂದೊಂದು ಅಡ್ರಿನಲ್ ಗ್ರಂಥಿ ಇರುತ್ತದೆ. ಒಂದರ ತೂಕ 4-5 ಗ್ರಾಂ, ಅರ್ಧ ತೊಲಿ ಬಂಗಾರದಷ್ಟು. ಉಪ್ಪಿನ ಲೆಕ್ಕ ನೋಡುವ ಅಲ್ಡೋಸ್ಟೀರಾನ್, ಗಾಬರಿಯಾದಾಗ ಎದೆ ಬಡಿಸುವ ಅಡ್ರಿನಲಿನ್, ಒಂದಿಷ್ಟು ಗಂಡು ಹಾರ್ಮೋನು, ಎಲ್ಲ ಅಲ್ಲಿಂದಲೇ ಬರುತ್ತವೆ. ನಮ್ಮ ಕಥೆಗೆ ಬೇಕಾದದ್ದು ಕಾರ್ಟಿಸೋಲ್.

ಇದನ್ನು ನಾನು ಬರಗಾಲದ ಕಾರಭಾರಿ ಎನ್ನುತ್ತೇನೆ. ವಿಜಯಪುರದ ಕಡೆ ಹಿಂದೆ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಟ್ಟು, ಮಳೆ ಕೈಕೊಟ್ಟಾಗ ತೆಗೆಯುತ್ತಿದ್ದರು. ಕಾರ್ಟಿಸೋಲ್ ಮಾಡುವುದೂ ಅಂಥದ್ದೇ ಕೆಲಸ. ಹೊಟ್ಟೆ ಖಾಲಿ ಇದ್ದಾಗ, ಜ್ವರ ಬಂದಾಗ, ಪೆಟ್ಟು ಬಿದ್ದಾಗ, ಮಿದುಳಿಗೆ ಸಕ್ಕರೆ ಕಡಿಮೆಯಾಗದಂತೆ ನೋಡಿಕೊಳ್ಳುತ್ತದೆ. ಯಕೃತ್ತಿಗೆ ಹೊಸ ಸಕ್ಕರೆ ಮಾಡಲು ಹೇಳುತ್ತದೆ. ಕಚ್ಚಾಮಾಲು ಸಾಲದಿದ್ದರೆ ಸ್ನಾಯು ಕರಗಿಸಿ ಕೊಡುತ್ತದೆ. ಇನ್ಸುಲಿನ್ ಬಂದು ಕದ ತಟ್ಟಿದರೂ ಬೇಗ ತೆಗೆಯಬೇಡಿ ಎಂದು ಸ್ನಾಯುವಿಗೂ ಕೊಬ್ಬಿಗೂ ತಾಕೀತು ಮಾಡುತ್ತದೆ.

ಬರ ಬಂದಾಗ ಇದೆಲ್ಲ ಸರಿ. ಆದರೆ ಮನೆಯಲ್ಲಿ ಕಾಳು ತುಂಬಿರುವಾಗಲೂ ಕಾರಭಾರಿ ವರ್ಷವಿಡೀ ಬರ ಸಾರುತ್ತಿದ್ದರೆ? ತೊಡೆ, ಭುಜದ ಸ್ನಾಯು ಸವೆಯುತ್ತವೆ. ಕೊಬ್ಬು ಹೊಟ್ಟೆಗೂ ಕತ್ತಿನ ಹಿಂದಕ್ಕೂ ಸೇರುತ್ತದೆ. ಚರ್ಮ ತೆಳುವಾಗುತ್ತದೆ, ಎಲುಬು ಟೊಳ್ಳಾಗುತ್ತದೆ, ಬಿಪಿ ಏರುತ್ತದೆ. ಅಮೆರಿಕದ ಶಸ್ತ್ರವೈದ್ಯ ಹಾರ್ವೆ ಕುಶಿಂಗ್ 1912ರಲ್ಲಿ ಇಂಥ ರೋಗಿಯೊಬ್ಬಳ ಬಗ್ಗೆ ಬರೆದ. ಕಾಯಿಲೆಗೆ ಅವನದೇ ಹೆಸರು ಅಂಟಿತು.

ಸಕ್ಕರೆಯ ವಿಷಯದಲ್ಲಿ ನಾವು ಮೋಸಹೋದೆವು. ಮೊದಲು ತೋರಿಸಿದ ಕಡೆ ಬೆಳಗಿನ ಖಾಲಿ ಹೊಟ್ಟೆಯ ರಕ್ತವಷ್ಟೇ ನೋಡಿದರು. 104 ಇತ್ತು, "ಶುಗರ್ ಇಲ್ಲ" ಎಂದು ಕಳಿಸಿದರು. ಕಾರ್ಟಿಸೋಲ್‌ನಂಥ ಸ್ಟಿರಾಯ್ಡ್‌ನಿಂದ ಏರುವ ಸಕ್ಕರೆ ಹೆಚ್ಚಾಗಿ ಮೊದಲು ಕಾಣಿಸುವುದು ಊಟವಾದ ಮೇಲೆ, ಮಧ್ಯಾಹ್ನ-ಸಂಜೆಯ ಹೊತ್ತಿಗೆ. ಬಾಗಲಕೋಟೆಯಲ್ಲಿ ಊಟದ ಎರಡು ತಾಸಿನ ನಂತರ ನೋಡಿದರೆ 268! ಅಷ್ಟರಲ್ಲಿ ನಾನು ಅವಳ ಹೋಳಿಗೆಯ ಮೇಲೆ ಒಂದು ಭಾಷಣ ಬಿಗಿದಾಗಿತ್ತು. ಹೋಳಿಗೆಯದೇನೂ ತಪ್ಪಿರಲಿಲ್ಲ.

ಆ ಡಾಕ್ಟರ್ ಬೆಳಗಿನ 8 ಗಂಟೆಗೆ ಕಾರ್ಟಿಸೋಲ್ ಪರೀಕ್ಷೆ ಮಾಡಿಸಿದರು. ಮುಖ ನೋಡಿದರೆ ಅದು ಉಕ್ಕಿ ಹರಿಯುತ್ತಿರಬೇಕು. ವರದಿಯಲ್ಲಿ ಹೆಚ್ಚುಕಡಿಮೆ ಸೊನ್ನೆ! ನಾನು ಲ್ಯಾಬಿನವರು ಎಡವಟ್ಟು ಮಾಡಿದ್ದಾರೆ ಅಂದೆ. ಡಾಕ್ಟರ್ ಪೊಟ್ಟಣ ಸುರಿಯಲು ಹೇಳಿದರು. ಗುಳಿಗೆಯ ಜೊತೆ ಅದರ ಸ್ಟ್ರಿಪ್ಪಿನ ಒಂದು ಹರಕು ತುಂಡು ಬಿತ್ತು. ಅದರ ಮೇಲೆ ಅರ್ಧ ಹೆಸರು: 'ಡೆಕ್ಸಾಮೆಥ'.

ಡೆಕ್ಸಾಮೆಥಸೋನ್ ಕಾರ್ಟಿಸೋಲ್‌ನ ಕೆಲಸವನ್ನೇ ಮಾಡುವ, ಆದರೆ ಎಷ್ಟೋ ಪಟ್ಟು ಜೋರಿನ ಸ್ಟಿರಾಯ್ಡ್. ದೇಹ ದಿನಕ್ಕೆ ಸುಮಾರು 10ರಿಂದ 20 ಮಿಲಿಗ್ರಾಂ ಕಾರ್ಟಿಸೋಲ್ ಮಾಡಿಕೊಳ್ಳುತ್ತದೆ. 20 ಮಿಲಿಗ್ರಾಮಿನ ಕೆಲಸಕ್ಕೆ ಡೆಕ್ಸಾಮೆಥಸೋನ್ 0.75 ಮಿಲಿಗ್ರಾಂ ಸಾಕು. ಕಾರ್ಟಿಸೋಲ್ ಪರೀಕ್ಷೆಗೆ ಇದು ಸಿಕ್ಕುವುದೂ ಇಲ್ಲ. ಹೊರಗಿಂದ ಇಷ್ಟು ಬರುತ್ತಿದ್ದರೆ ಮಿದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿ ಅಡ್ರಿನಲ್‌ಗೆ ಆರ್ಡರ್ ಕಳಿಸುವುದನ್ನೇ ನಿಲ್ಲಿಸುತ್ತದೆ. ಕೆಲಸವಿಲ್ಲದ ಅಡ್ರಿನಲ್ ಸುರುಟಿಕೊಳ್ಳುತ್ತದೆ. ವರ್ಷ ಓಡಿಸದ ಬಾವಿಯ ಮೋಟಾರು ಜಾಮ್ ಆಗುತ್ತದಲ್ಲ, ಹಾಗೆ. ಅಂದರೆ ಚಿಗವ್ವನ ಮೈಯಲ್ಲಿ ಒಂದೇ ಹೊತ್ತಿಗೆ ಎರಡು ಕಾಯಿಲೆ: ಹೊರಗಿನದು ವಿಪರೀತ, ಒಳಗಿನದು ಖಾಲಿ. ಅದಕ್ಕೇ ಗಾಬರಿಯಾಗಿ ಗುಳಿಗೆ ಒಮ್ಮೆಲೇ ಬಿಟ್ಟರೆ ಬಿಪಿ ಕುಸಿದು ಜೀವಕ್ಕೇ ಅಪಾಯ. ನಾನಂತೂ ಪೊಟ್ಟಣವನ್ನು ಹಿತ್ತಲಿಗೆ ಎಸೆಯಲು ಹೊರಟಿದ್ದೆ.

ಈ 'ಎರಡೇ ದಿನಕ್ಕೆ ಮಾಯ' ಹೊಸದೇನಲ್ಲ. 1948ರಲ್ಲಿ ಅಮೆರಿಕದ ಫಿಲಿಪ್ ಹೆಂಚ್ ಕೀಲುರೋಗದ ಹೆಣ್ಣುಮಗಳೊಬ್ಬಳಿಗೆ ಕಾರ್ಟಿಸೋಲ್‌ನ ನೆಂಟ ಸ್ಟಿರಾಯ್ಡ್ ಕಾರ್ಟಿಸೋನ್ ಚುಚ್ಚಿದ. ಕೆಲವೇ ದಿನಗಳಲ್ಲಿ ಅವಳು ಎದ್ದು ಓಡಾಡಿದಳು. 1950ರಲ್ಲಿ ಅವನಿಗೂ ಇನ್ನಿಬ್ಬರಿಗೂ ನೊಬೆಲ್ ಬಂತು. ದುಂಡು ಮುಖಗಳೂ ಬೆನ್ನಿಗೇ ಬಂದವು. ಸರಿಯಾದ ಕಾಯಿಲೆಗೆ, ಅಳತೆ ಮಾಡಿ ಕೊಟ್ಟರೆ ಇದು ಇವತ್ತಿಗೂ ಜೀವ ಉಳಿಸುವ ಔಷಧಿ. ನನ್ನ ಸಿಟ್ಟು ಹೆಸರು ಹೇಳದೆ ಪೊಟ್ಟಣ ಕಟ್ಟುವವರ ಮೇಲೆ.

ಹುಟ್ಟಿನಿಂದಲೇ ಈ ಔಷಧಿ ಬೇಕಾದವರೂ ಇದ್ದಾರೆ. ಸುಮಾರು 15,000 ಮಕ್ಕಳಲ್ಲಿ ಒಂದಕ್ಕೆ ಕಾರ್ಟಿಸೋಲ್ ಮಾಡುವ ಕಿಣ್ವವೇ ಸರಿಯಿರುವುದಿಲ್ಲ. ಪಿಟ್ಯುಟರಿ ಒತ್ತಾಯ ಮಾಡಿದಷ್ಟೂ ಅಡ್ರಿನಲ್ ಗಂಡು ಹಾರ್ಮೋನನ್ನೇ ಜಾಸ್ತಿ ಮಾಡುತ್ತದೆ. ಇನ್ನು ಕೆಲವರಿಗೆ ದೊಡ್ಡವರಾದ ಮೇಲೆ ಗ್ರಂಥಿ ಹಾಳಾಗುತ್ತದೆ. ಥಾಮಸ್ ಆಡಿಸನ್ 1855ರಲ್ಲಿ ವಿವರಿಸಿದ ಕಾಯಿಲೆ ಅದು. ಮೈ ಕಪ್ಪಾಗುತ್ತದೆ, ತೂಕ ಇಳಿಯುತ್ತದೆ, ಉಪ್ಪು ನೆಕ್ಕುವಷ್ಟು ಆಸೆಯಾಗುತ್ತದೆ. ನಮ್ಮ ದೇಶದಲ್ಲಿ ಕ್ಷಯವೂ ಇದಕ್ಕೊಂದು ಕಾರಣ.

ಇವರೆಲ್ಲ ಹೈಡ್ರೋಕಾರ್ಟಿಸೋನ್, ಅಂದರೆ ಗುಳಿಗೆಯ ರೂಪದ ಕಾರ್ಟಿಸೋಲ್, ನುಂಗಿ ಬದುಕಬೇಕು. ಕಷ್ಟ ಇರುವುದು ಹೊತ್ತಿನ ಲೆಕ್ಕದಲ್ಲಿ. ಸ್ವಂತ ಕಾರ್ಟಿಸೋಲ್ ನಸುಕಿನಲ್ಲಿ ಏರಿ, ಬೆಳಗ್ಗೆ ತುದಿ ಮುಟ್ಟಿ, ನಡುರಾತ್ರಿಗೆ ತಳ ಸೇರುತ್ತದೆ. ಗುಳಿಗೆಗೆ ಆ ಸೂಕ್ಷ್ಮ ಬರುವುದಿಲ್ಲ, ನುಂಗಿದಾಗ ಒಮ್ಮೆಲೇ ಏರಿ ಇಳಿಯುತ್ತದೆ. ಸ್ವಲ್ಪ ಜಾಸ್ತಿಯಾದರೆ ಹೊಟ್ಟೆ ಬರುತ್ತದೆ, ಸಕ್ಕರೆ ಏರುತ್ತದೆ, ಮಕ್ಕಳ ಎತ್ತರ ಕುಂಠಿತವಾಗುತ್ತದೆ. ಕಮ್ಮಿಯಾದರೆ ಸುಸ್ತು, ಹುಟ್ಟಿನಿಂದ ಬಂದ ಕಾಯಿಲೆಯಾದರೆ ಗಂಡು ಹಾರ್ಮೋನಿನ ಕಾಟ ಬೇರೆ. ಈ ಮಕ್ಕಳಲ್ಲಿ ಬೊಜ್ಜು ಉಳಿದವರಿಗಿಂತ ಜಾಸ್ತಿ. ಅದನ್ನು ತಿನ್ನುವ ಚಪಲ ಅಂದುಬಿಡುವುದು, ನಾನು ಹೋಳಿಗೆಯನ್ನು ಬೈದ ಹಾಗೇ.

ಚಿಗವ್ವನಿಗೆ ಡಾಕ್ಟರ್ ಹೈಡ್ರೋಕಾರ್ಟಿಸೋನ್ ಕೊಟ್ಟು, ತಿಂಗಳುಗಟ್ಟಲೆ ಇಷ್ಟಿಷ್ಟೇ ಇಳಿಸುತ್ತ ಬಂದಿದ್ದಾರೆ. ಜ್ವರ ಬಂದರೆ ಎರಡು ಪಟ್ಟು ತಗೋಬೇಕು, ವಾಂತಿಯಾದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು ಎಂದು ಒಂದು ಚೀಟಿಯಲ್ಲಿ ಬರೆದುಕೊಟ್ಟಿದ್ದಾರೆ. ಊಟದ ನಂತರದ ಸಕ್ಕರೆ ಈಗ 150ರ ಆಸುಪಾಸು. ಮುಖ ಇಳಿದಿದೆ. "ಯಾಕ ಸೊರಗಿದಿ?" ಎಂದು ಓಣಿಯವರು ಕೇಳುತ್ತಾರೆ. ಅವಳು ಎಲೆ-ಅಡಿಕೆ ಸಂಚಿ ಬಿಚ್ಚಿ, ಸುಣ್ಣದ ಕಲೆ ಹತ್ತಿದ ಆ ಚೀಟಿ ತೋರಿಸುತ್ತಾಳೆ.